ಸೋಲುತ್ತಿದ್ದ ತಂಡದ ಊರಿನಲ್ಲಿ

ಅಮೆರಿಕಕ್ಕೆ ಹೋದವರು ನಯಾಗರ ಜಲಪಾತ ನೋಡಿ ಬರುತ್ತಾರೆ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಗಂಡ ಹೆಂಡತಿ ಹೋದಾಗ ಮಗಳು ಮೊಟ್ಟಮೊದಲು ಕರೆದುಕೊಂಡು ಹೋದದ್ದು ಒಂದು ಆಟದ ಮೈದಾನಕ್ಕೆ. ಅದೂ ಆಟವಿಲ್ಲದ ದಿನ. ಅದೂ ಆ ವರ್ಷ ಸೋಲಿನ ಮೇಲೆ ಸೋಲು ಉಣ್ಣುತ್ತಿದ್ದ ತಂಡದ ಮೈದಾನಕ್ಕೆ.

ನಾನು ಹಾಸನದ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು. ಆಟವೆಂದರೆ ಓದಿಗೆ ಕಂಟಕ ಎಂದು ನಂಬಿದ್ದ ಪೀಳಿಗೆಯವನು. ‘ಬೇರೆ ಏನೂ ಇಲ್ಲವೇನಮ್ಮ ನಿನ್ನ ಊರಲ್ಲಿ ನೋಡೋದಕ್ಕೆ?’ ಎಂದೆ. ‘ನೋಡೋಕೆ ಬೇಕಾದಷ್ಟಿದೆ ಅಪ್ಪಾ, ಇದನ್ನ ಮೊದಲು ನೋಡಿ’ ಎಂದಳು. ಅವಳು ಮಿಲ್ವಾಕಿಯಲ್ಲಿ ಎಂ.ಎಸ್. ಓದುತ್ತಿದ್ದಳು. ಒಂದು ವರ್ಷ ಮುಗಿದು ಎರಡನೆಯದು ನಡೆಯುತ್ತಿತ್ತು. ಸಂಬಳ ಬರುವ ಕಾಲಕ್ಕೆ ಕೂಡಿಟ್ಟದ್ದು, ನಿವೃತ್ತಿಯಲ್ಲಿ ಬಂದದ್ದು, ಬ್ಯಾಂಕಿನ ಸಾಲ ಎಲ್ಲ ಸೇರಿ ಅವಳ ಓದು. ಹಾಗಾಗಿ ಹಟ ಮಾಡದೆ ಕಾರು ಹತ್ತಿದೆ. 2023ರ ನವೆಂಬರ್ 4, ಶನಿವಾರ.

ಮಿಲ್ವಾಕಿಯಿಂದ ಉತ್ತರಕ್ಕೆ ಹೆದ್ದಾರಿ 43ರಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ಬಲಗಡೆ ಎಲ್ಲೋ ಮಿಷಿಗನ್ ಸರೋವರ. ಎಡಗಡೆ ಕೊಯ್ಲು ಮುಗಿದ ಜೋಳದ ಹೊಲ, ಕೆಂಪು ಬಣ್ಣದ ದೊಡ್ಡ ಕೊಟ್ಟಿಗೆ, ಪಕ್ಕದಲ್ಲಿ ಮೇವು ತುಂಬುವ ಎತ್ತರದ ಗೋಪುರ, ಅಲ್ಲಲ್ಲಿ ಕಪ್ಪು ಬಿಳಿ ಹಸುಗಳು. ವಿಸ್ಕಾನ್ಸಿನ್ ಹಾಲು, ಬೆಣ್ಣೆ, ಚೀಸ್‌ನ ರಾಜ್ಯ. ವಾಹನಗಳ ನಂಬರ್ ಪ್ಲೇಟಿನ ಮೇಲೂ ಇದು ಅಮೆರಿಕದ ಹೈನಿನ ನಾಡು ಎಂದು ಬರೆದುಕೊಂಡಿದ್ದಾರೆ. ನನ್ನಾಕೆ ಹಸು ಕಂಡಾಗಲೆಲ್ಲ ‘ಎಷ್ಟು ಲೀಟರ್ ಕೊಡಬಹುದು ರೀ?’ ಎಂದು ಕೇಳುತ್ತಿದ್ದಳು. ಮಗಳು ಮಾತ್ರ ಅಂದು ಹೆಚ್ಚು ಮಾತಾಡಲಿಲ್ಲ.

ಹಾಸನಕ್ಕಿಂತ ಚಿಕ್ಕ ಊರು

ಗ್ರೀನ್ ಬೇ ಎಂಬುದು ಫಾಕ್ಸ್ ನದಿ ಕೊಲ್ಲಿಯನ್ನು ಸೇರುವ ಜಾಗದಲ್ಲಿರುವ ಕಾಗದದ ಗಿರಣಿಗಳ ಊರು. 2020ರ ಜನಗಣತಿಯಂತೆ ಜನಸಂಖ್ಯೆ 1,07,395. ನಮ್ಮ ಹಾಸನಕ್ಕಿಂತ ಕಡಿಮೆ. ಅಮೆರಿಕದ ವೃತ್ತಿಪರ ಫುಟ್‌ಬಾಲಿನ ರಾಷ್ಟ್ರೀಯ ಲೀಗಿನಲ್ಲಿ 32 ತಂಡಗಳಿವೆ. ಅವುಗಳ ಊರುಗಳೆಂದರೆ ನ್ಯೂಯಾರ್ಕ್, ಲಾಸ್ ಏಂಜಲೀಸ್, ಷಿಕಾಗೋ, ಡಲ್ಲಾಸ್. ಆ ಮಹಾನಗರಗಳ ಪಂಕ್ತಿಯಲ್ಲಿ ಈ ಪುಟ್ಟ ಊರೂ ಎಲೆ ಹಾಕಿಸಿಕೊಂಡು ಕೂತಿದೆ. ಅಷ್ಟೇ ಅಲ್ಲ, 13 ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಬೇರೆ ಯಾವ ತಂಡವೂ ಅಷ್ಟು ಸಲ ಆಗಿಲ್ಲ.

ತಂಡದ ಹೆಸರು ಗ್ರೀನ್ ಬೇ ಪ್ಯಾಕರ್ಸ್. ಮೈದಾನದ ಹೆಸರು ಲ್ಯಾಂಬೋ ಫೀಲ್ಡ್. ಊರಾಚೆ ಬಯಲಿನಲ್ಲಿ ಇರಬಹುದೆಂದುಕೊಂಡಿದ್ದೆ. ಹಾಗಲ್ಲ. ಹೆಂಚಿನ ಸಾಲುಮನೆಗಳ ನಡುವೆ ಊರ ದೇವಸ್ಥಾನದ ಗೋಪುರ ಎದ್ದಂತೆ, ಮಾಮೂಲಿ ಮನೆಗಳ ಬೀದಿ ತುದಿಯಲ್ಲಿ ಅದು ಎದ್ದು ನಿಂತಿದೆ. ಪಂದ್ಯದ ದಿನ ಸುತ್ತಮುತ್ತಲ ಮನೆಯವರು ತಮ್ಮ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುತ್ತಾರಂತೆ. ಒಳಗೆ 81,441 ಜನ ಕೂರಬಹುದು. ಲೆಕ್ಕದ ಮೇಷ್ಟ್ರ ಚಟ ಬಿಡಬೇಕಲ್ಲ, ಭಾಗಿಸಿ ನೋಡಿದೆ: ಊರಿನ ನಾಲ್ವರಲ್ಲಿ ಮೂವರು ಒಳಗೆ ಹಿಡಿಸುತ್ತಾರೆ.

ಆದರೂ ಜಾಗ ಸಿಗುವುದಿಲ್ಲ. ಇಡೀ ಸೀಸನ್ನಿನ ಟಿಕೆಟುಗಳು 1960ರಿಂದಲೂ ಮುಂಗಡವಾಗಿಯೇ ಮಾರಾಟವಾಗಿಬಿಟ್ಟಿವೆ. ಕಾಯುವವರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು. ಮಗು ಹುಟ್ಟಿದ ಕೂಡಲೇ ಪಟ್ಟಿಯಲ್ಲಿ ಹೆಸರು ಬರೆಸುವ ಅಪ್ಪ ಅಮ್ಮಂದಿರಿದ್ದಾರೆ. ನಮ್ಮಲ್ಲಿ ಕೆಲವರು ಎಲ್.ಕೆ.ಜಿ. ಸೀಟಿಗೆ ಮಾಡುವ ಹಾಗೆ!

ಐದು ಡಾಲರಿನ ಒಡೆಯರು

ಈ ತಂಡ ಹುಟ್ಟಿದ್ದು 1919ರ ಆಗಸ್ಟಿನಲ್ಲಿ. ಕರ್ಲಿ ಲ್ಯಾಂಬೋ ಎಂಬ ಊರಿನ ತರುಣ, ಜಾರ್ಜ್ ಕ್ಯಾಲ್ಹೂನ್ ಎಂಬ ಪತ್ರಕರ್ತ ಇಬ್ಬರೂ ಸೇರಿ ಸ್ಥಳೀಯ ಪತ್ರಿಕೆಯ ಕಚೇರಿಯಲ್ಲಿ ಹುಡುಗರನ್ನು ಕೂಡಿಸಿದರು. ಲ್ಯಾಂಬೋ ಕೆಲಸಕ್ಕಿದ್ದ ಮಾಂಸದ ಡಬ್ಬಿ ತಯಾರಿಸುವ ಕಂಪನಿ ಅಂಗಿ ಹೊಲಿಸಲು 500 ಡಾಲರ್ ಕೊಟ್ಟಿತು, ಆಡಲು ಜಾಗ ಕೊಟ್ಟಿತು. ಡಬ್ಬಿಗೆ ತುಂಬುವವರ ತಂಡ, ಆದ್ದರಿಂದ ಪ್ಯಾಕರ್ಸ್. ಆ ಕಂಪನಿಯ ಹೆಸರು ಇಂಡಿಯನ್ ಪ್ಯಾಕಿಂಗ್ ಕಂಪನಿ ಎಂದು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಆದರೆ ಆ ಇಂಡಿಯನ್ನರು ನಾವಲ್ಲ, ಅಮೆರಿಕದ ಮೂಲನಿವಾಸಿಗಳು! ಕಂಪನಿ ಹೆಚ್ಚು ದಿನ ಬಾಳಲಿಲ್ಲ. ಹೆಸರು ಮಾತ್ರ ನೂರು ವರ್ಷ ದಾಟಿ ಉಳಿದಿದೆ.

ಆ ಕಾಲದಲ್ಲಿ ಇಂಥ ಸಣ್ಣ ಊರಿನ ತಂಡಗಳು ಬೇಕಾದಷ್ಟಿದ್ದವು. ಎಲ್ಲವೂ ಕಣ್ಮುಚ್ಚಿದವು, ಇಲ್ಲವೇ ಹಣವಂತರ ಪಾಲಾಗಿ ದೊಡ್ಡ ಊರಿಗೆ ಗುಳೆ ಹೋದವು. ಗ್ರೀನ್ ಬೇ ತಂಡವೂ ಸಾಲದಲ್ಲಿ ಮುಳುಗಿತ್ತು. 1923ರಲ್ಲಿ ಊರಿನವರು ಒಂದು ಉಪಾಯ ಮಾಡಿದರು. ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ ಕಟ್ಟಿ, ಷೇರಿಗೆ ಐದು ಡಾಲರಿನಂತೆ ಊರ ಜನಕ್ಕೇ ಮಾರಿದರು. ಮುಂದೆ ಆಟ ನೋಡುತ್ತಿದ್ದವನೊಬ್ಬ ಮೆಟ್ಟಿಲ ಸಾಲಿನಿಂದ ಬಿದ್ದು, ಮೊಕದ್ದಮೆ ಹೂಡಿ ಗೆದ್ದ. ಪರಿಹಾರ ಕೊಡಬೇಕಿದ್ದ ವಿಮಾ ಕಂಪನಿಯೇ ಮುಳುಗಿತ್ತು. ತಂಡ ಮತ್ತೆ ದಿವಾಳಿಯ ಅಂಚಿಗೆ ಬಂತು. 1935ರಲ್ಲಿ ಮತ್ತೆ ಷೇರು. 1950ರಲ್ಲಿ ಮತ್ತೆ. ಆಮೇಲೆ 1997, 2011, 2021ರಲ್ಲಿ. ಹೀಗೆ ಒಟ್ಟು ಆರು ಸಲ ಜನ ಕೈ ಹಾಕಿ ಎತ್ತಿದ್ದಾರೆ.

ಈಗ ತಂಡಕ್ಕೆ ಐದು ಲಕ್ಷಕ್ಕೂ ಹೆಚ್ಚು ಒಡೆಯರು. ಈ ಷೇರಿಗೆ ಲಾಭಾಂಶವಿಲ್ಲ. ಬೆಲೆ ಏರುವುದಿಲ್ಲ. ಒಂದು ಪಂದ್ಯದ ಟಿಕೆಟೂ ಅದರಿಂದ ಸಿಗುವುದಿಲ್ಲ. ಒಬ್ಬರು ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಮಿತಿ ಇರುವುದರಿಂದ ಯಾವ ಸಾಹುಕಾರನೂ ತಂಡವನ್ನು ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಒಂದು ವೇಳೆ ತಂಡ ಮಾರಾಟವಾದರೂ ಹಣ ಷೇರುದಾರರಿಗಲ್ಲ, ಧರ್ಮಕಾರ್ಯದ ನಿಧಿಗೆ ಹೋಗುತ್ತದೆ. ಮಾರಿದರೆ ಯಾರಿಗೂ ಲಾಭವಿಲ್ಲದ ಮೇಲೆ ಮಾರುವವರು ಯಾರು? ಲೀಗಿನ ಇಂದಿನ ನಿಯಮ ಬೇರೆ ಯಾವ ತಂಡಕ್ಕೂ ಇಂಥ ಒಡೆತನಕ್ಕೆ ಅವಕಾಶ ಕೊಡುವುದಿಲ್ಲ. ಇದು ಹಳೆಯದೆಂದು ಉಳಿದುಕೊಂಡಿದೆ.

ಇನ್ನೊಂದು ಕಾರಣವೂ ಇದೆ. 1960ರ ದಶಕದಿಂದ ಲೀಗು ದೇಶವ್ಯಾಪಿ ಟಿ.ವಿ. ಪ್ರಸಾರದಿಂದ ಬರುವ ಹಣವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚುತ್ತದೆ. ನ್ಯೂಯಾರ್ಕಿಗೆಷ್ಟೋ ಗ್ರೀನ್ ಬೇಗೂ ಅಷ್ಟೇ. ಹೊಸ ಆಟಗಾರರನ್ನು ಆರಿಸುವಾಗ ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಅವಕಾಶ. ದುಡ್ಡೇ ದೊಡ್ಡಪ್ಪ ಎನ್ನುವ ದೇಶದಲ್ಲಿ, ಸೋತವನನ್ನು ಮೊದಲು ಬಡಿಸಲು ಕೂರಿಸುವ ಈ ಪದ್ಧತಿ ಕಂಡು ನನಗೆ ಆಶ್ಚರ್ಯವಾಯಿತು.

ಹದಿನೇಳೇ ಪಂದ್ಯ

ಆಟದ ಬಗ್ಗೆ ಎರಡು ಮಾತು. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ಚೆಂಡು ಎರಡು ತುದಿಯಲ್ಲಿ ಚೂಪಾದ ಮೊಟ್ಟೆಯಂತಿರುತ್ತದೆ. ಪ್ರತಿ ಕಡೆ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಗಜ ಗಜವಾಗಿ ಸಾಗಿ ಕೊನೆಯ ಗೆರೆ ದಾಟಿದರೆ ಆರು ಅಂಕ. ಎಲ್ಲವನ್ನೂ ನಡೆಸುವವನು ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ. ಚೆಂಡನ್ನು ಎಸೆಯಬೇಕೋ, ಪಕ್ಕದವನ ಕೈಗಿಡಬೇಕೋ ಎಂದು ಮೂರು ನಾಲ್ಕು ಸೆಕೆಂಡಿನಲ್ಲಿ ತೀರ್ಮಾನಿಸಬೇಕಾದವನು. ಕಬಡ್ಡಿಯ ಮೈಬಲ, ಚದುರಂಗದ ಲೆಕ್ಕಾಚಾರ ಎರಡೂ ಬೇಕಾದ ಆಟ. ಅಪಾಯದ ಆಟ ಕೂಡ. ತಲೆಗೆ ಮೇಲಿಂದ ಮೇಲೆ ಬೀಳುವ ಪೆಟ್ಟು ಮುಂದೆ ಮಿದುಳಿನ ಕಾಯಿಲೆಗೆ ದಾರಿಯಾಗುತ್ತದೆಂಬುದು ಅಲ್ಲಿನ ಹೆತ್ತವರ ದೊಡ್ಡ ಚಿಂತೆ.

ಇಡೀ ಋತುವಿನಲ್ಲಿ ಒಂದು ತಂಡ ಆಡುವುದು 17 ಪಂದ್ಯ ಮಾತ್ರ. ಸೆಪ್ಟೆಂಬರಿನಿಂದ ಜನವರಿ ಮೊದಲ ವಾರದವರೆಗೆ ವಾರಕ್ಕೊಂದು, ನಡುವೆ ಒಂದು ವಾರ ಬಿಡುವು. ಆಮೇಲೆ 14 ತಂಡಗಳು ಮುಂದಿನ ಸುತ್ತಿಗೆ. ಅಲ್ಲಿ ಸೋತರೆ ಅಂದಿಗೆ ಮುಗಿಯಿತು. ಹೀಗಾಗಿ ಒಂದೊಂದು ಸೋಲೂ ಒಂದು ಪೇಪರ್ ಹೋದ ಹಾಗೆ.

ನಾವು ಹೋದ ದಿನಕ್ಕೆ ಪ್ಯಾಕರ್ಸ್ ಏಳು ಪಂದ್ಯ ಆಡಿತ್ತು. ಗೆದ್ದದ್ದು ಎರಡು, ಸೋತದ್ದು ಐದು. ಕೊನೆಯ ನಾಲ್ಕೂ ಸಾಲಾಗಿ ಸೋಲು. ಹಿಂದಿನ ಭಾನುವಾರವಷ್ಟೇ ನೆರೆಯ ಮಿನೆಸೋಟದ ತಂಡ ಇದೇ ಮೈದಾನದಲ್ಲಿ 24-10ರಿಂದ ಸೋಲಿಸಿ ಹೋಗಿತ್ತು.

ಸೋಲಿಗೆ ಹಿನ್ನೆಲೆಯೊಂದಿತ್ತು. ಮೂವತ್ತು ವರ್ಷ ಈ ತಂಡವನ್ನು ನಡೆಸಿದವರು ಇಬ್ಬರೇ ಕ್ವಾರ್ಟರ್‌ಬ್ಯಾಕುಗಳು. 1992ರಿಂದ ಬ್ರೆಟ್ ಫಾವ್, 2008ರಿಂದ ಆರನ್ ರಾಜರ್ಸ್. ಇಬ್ಬರೂ ದಿಗ್ಗಜರು. 2023ರಲ್ಲಿ ರಾಜರ್ಸ್ ನ್ಯೂಯಾರ್ಕಿನ ತಂಡಕ್ಕೆ ಹೋದರು. ಅವರ ಹಿಂದೆ ಮೂರು ವರ್ಷ ಬೆಂಚಿನ ಮೇಲೆ ಕೂತು ಕಾಯುತ್ತಿದ್ದ ಜೋರ್ಡನ್ ಲವ್ ಎಂಬ ತರುಣನ ಹೆಗಲಿಗೆ ಭಾರ ಬಿತ್ತು. ಅವನ ಎಸೆತ ಹಿಡಿಯಬೇಕಾದವರು ಅವನಿಗಿಂತಲೂ ಎಳೆಯರು. ಆ ವರ್ಷ ಇಡೀ ಲೀಗಿನಲ್ಲೇ ಅತಿ ಕಿರಿಯ ವಯಸ್ಸಿನ ತಂಡ ಇದು.

ಅಜ್ಜಿ ಹೇಳಿದ ಮಾತು

ಮೈದಾನ ತೋರಿಸಲು ಬಂದ ಗೈಡ್ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಹಸಿರು ಕೋಟು, ಬಿಳಿ ಕೂದಲು, ಚುರುಕು ನಡಿಗೆ. ತಮ್ಮ ಬಳಿಯೂ ಒಂದು ಷೇರು ಇದೆ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ ಎಂದರು. ಹೊರಗೆ ಎರಡು ದೊಡ್ಡ ಪ್ರತಿಮೆಗಳಿವೆ. ಒಂದು ಲ್ಯಾಂಬೋ ಅವರದು. ಇನ್ನೊಂದು, ಉದ್ದ ಕೋಟು ತೊಟ್ಟು ನಿಂತ ವಿನ್ಸ್ ಲೊಂಬಾರ್ಡಿ ಅವರದು. ಲೊಂಬಾರ್ಡಿ ಕತೆ ಕೇಳಿದ ಮೇಲೆ ನಾನು ಆ ಪ್ರತಿಮೆಗೆ ಮನಸ್ಸಿನಲ್ಲೇ ಕೈಮುಗಿದೆ. ಕಾರಣ, ಆತ ಮೊದಲು ಹೈಸ್ಕೂಲ್ ಮೇಷ್ಟ್ರು. ನ್ಯೂಜೆರ್ಸಿಯ ಒಂದು ಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಲ್ಯಾಟಿನ್ ಪಾಠ ಮಾಡುತ್ತ ಮಕ್ಕಳಿಗೆ ಆಟ ಕಲಿಸುತ್ತಿದ್ದವರು.

1958ರಲ್ಲಿ ಪ್ಯಾಕರ್ಸ್ ಆಡಿದ 12 ಪಂದ್ಯಗಳಲ್ಲಿ ಗೆದ್ದದ್ದು ಒಂದು. ಒಂದು ಸಮ, ಹತ್ತು ಸೋಲು. ತಂಡದ ಚರಿತ್ರೆಯಲ್ಲೇ ಅತಿ ಕೆಟ್ಟ ವರ್ಷ. ಮರುವರ್ಷ ಲೊಂಬಾರ್ಡಿ ತರಬೇತುದಾರರಾಗಿ ಬಂದರು. ಬಂದ ವರ್ಷವೇ ಏಳು ಗೆಲುವು. ಮುಂದಿನ ವರ್ಷ ಅಂತಿಮ ಪಂದ್ಯ. ಒಂಬತ್ತು ವರ್ಷಗಳಲ್ಲಿ ಐದು ಸಲ ಚಾಂಪಿಯನ್ ಪಟ್ಟ. ಲೀಗಿನ ಕೊನೆಯ ಪಂದ್ಯ ಸೂಪರ್ ಬೌಲ್ ಗೆದ್ದವರಿಗೆ ಇಂದು ಕೊಡುವ ಟ್ರೋಫಿಗೆ ಅವರದೇ ಹೆಸರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಗೆಲುವಿನ ಪಟ್ಟಿಯಲ್ಲ. ಹತ್ತು ಪಂದ್ಯ ಸೋತ ಆ 1958ರ ತಂಡದಲ್ಲಿ ಯಾರಿದ್ದರು ಎಂಬುದು. ಬಾರ್ಟ್ ಸ್ಟಾರ್, ಪಾಲ್ ಹಾರ್ನಂಗ್, ಜಿಮ್ ಟೇಲರ್, ಫಾರೆಸ್ಟ್ ಗ್ರೆಗ್, ರೇ ನಿಚ್ಕಿ, ಜೆರಿ ಕ್ರೇಮರ್. ಇವರೆಲ್ಲ ಮುಂದೆ ಈ ಆಟದ ಅಮರರ ಸಾಲಿಗೆ ಸೇರಿದವರು. ಅಂದರೆ ಸೋತವರೂ ಅವರೇ, ಗೆದ್ದವರೂ ಅವರೇ. ಹುಡುಗರು ಬದಲಾಗಲಿಲ್ಲ, ಮೇಷ್ಟ್ರು ಬದಲಾದರು! ಬಾರ್ಟ್ ಸ್ಟಾರ್‌ನನ್ನಂತೂ 1956ರ ಆಯ್ಕೆಯಲ್ಲಿ 199 ಜನರನ್ನು ಆರಿಸಿದ ಮೇಲೆ, ಹದಿನೇಳನೇ ಸುತ್ತಿನಲ್ಲಿ ತೆಗೆದುಕೊಂಡಿದ್ದರು. ನಮ್ಮ ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಕೊನೇ ಬೆಂಚಿನ ಹುಡುಗ.

ಆ ಕೊನೇ ಬೆಂಚಿನ ಹುಡುಗನೇ 1967ರ ಡಿಸೆಂಬರ್ 31ರಂದು ಇದೇ ಮೈದಾನದಲ್ಲಿ ಇತಿಹಾಸ ಮಾಡಿದ. ಉಷ್ಣಾಂಶ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹುಲ್ಲಿನ ಅಡಿಯಲ್ಲಿ ಬಿಸಿ ಮಾಡಲು ಹಾಕಿದ್ದ ತಂತಿಗಳು ಕೈಕೊಟ್ಟು ನೆಲ ಕಲ್ಲಾಗಿತ್ತು. ಅಂಪೈರುಗಳ ಲೋಹದ ಸೀಟಿ ತುಟಿಗೇ ಅಂಟಿಕೊಂಡಿತ್ತು. ಡಲ್ಲಾಸ್ ತಂಡ 17-14ರಿಂದ ಮುಂದಿತ್ತು. ಉಳಿದದ್ದು 16 ಸೆಕೆಂಡು, ಗೆರೆಗೆ ಎರಡು ಹೆಜ್ಜೆ. ಒದ್ದು ಮೂರು ಅಂಕ ತೆಗೆದುಕೊಂಡು ಪಂದ್ಯ ಸಮ ಮಾಡಬಹುದಿತ್ತು. ಹಾಗೆ ಮಾಡದೆ ಸ್ಟಾರ್ ತಾನೇ ಚೆಂಡು ಹಿಡಿದು, ಕ್ರೇಮರ್ ಮಾಡಿದ ಸಂದಿಯಲ್ಲಿ ನುಗ್ಗಿ ಗೆರೆಯ ಮೇಲೆ ಬಿದ್ದ. 21-17. ಆ ಚಳಿಯಲ್ಲೂ ಐವತ್ತು ಸಾವಿರ ಜನ ಕದಲದೆ ಕೂತಿದ್ದರಂತೆ.

ಅಜ್ಜಿ ನಮ್ಮನ್ನು ಆಟಗಾರರು ಮೈದಾನಕ್ಕೆ ಇಳಿಯುವ ಸುರಂಗದ ಮೂಲಕ ಕರೆದೊಯ್ದರು. ಕಟ್ಟಡ ಎಷ್ಟೋ ಸಲ ಹೊಸದಾದರೂ ಲೊಂಬಾರ್ಡಿ ಕಾಲದ ಹುಡುಗರು ತುಳಿದ ಹಳೆಯ ಕಾಂಕ್ರೀಟಿನ ತುಂಡೊಂದನ್ನು ಕಿತ್ತು ತಂದು ಹೊಸ ಸುರಂಗದ ನೆಲದಲ್ಲಿ ಕೂಡಿಸಿದ್ದಾರೆ. ಇಂದಿನ ಹುಡುಗರು ಅದನ್ನು ತುಳಿದೇ ಮೈದಾನಕ್ಕೆ ಹೋಗಬೇಕು. ನಾನೂ ಚಪ್ಪಲಿ ಬಿಡಬೇಕೇನೋ ಎಂದು ಒಂದು ಕ್ಷಣ ಅನುಮಾನಿಸಿ, ಷೂ ಎಂದು ನೆನಪಾಗಿ ಹಾಗೆಯೇ ದಾಟಿದೆ.

ಕೂರಲು ಕುರ್ಚಿಗಳಿಲ್ಲ, ಉದ್ದುದ್ದ ಅಲ್ಯುಮಿನಿಯಂ ಬೆಂಚುಗಳು. ಜೋರು ಹಿಮ ಬಿದ್ದಾಗ ಊರಿಗೆ ಕರೆ ಹೋಗುತ್ತದೆ. ನೂರಾರು ಜನ ಸಲಿಕೆ ಹಿಡಿದು ಬಂದು ಗಂಟೆಯ ಕೂಲಿಗೆ ಮೆಟ್ಟಿಲು ಮೆಟ್ಟಿಲಿನ ಹಿಮ ಎತ್ತುತ್ತಾರೆ. ಬೇಸಿಗೆಯಲ್ಲಿ ಇನ್ನೊಂದು ಚೆಂದ. ತರಬೇತಿಯ ದಿನಗಳಲ್ಲಿ ಊರಿನ ಮಕ್ಕಳು ಸೈಕಲ್ ಹಿಡಿದು ಬಾಗಿಲಲ್ಲಿ ಕಾದಿರುತ್ತಾರೆ. ಆಟಗಾರರು ಹೊರಬಂದು ತಮಗಿಷ್ಟವಾದ ಮಗುವಿನ ಸೈಕಲ್ ಹತ್ತಿ ಅಭ್ಯಾಸದ ಮೈದಾನಕ್ಕೆ ಹೋಗುತ್ತಾರೆ. ಮಗು ಅವರ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ಓಡುತ್ತದೆ. ಲೊಂಬಾರ್ಡಿ ಕಾಲದಿಂದ ನಡೆದುಬಂದ ಪದ್ಧತಿ. ನೂರು ಕೆ.ಜಿ. ತೂಗುವ ದೈತ್ಯರು ಪುಟ್ಟ ಸೈಕಲಿನ ಮೇಲೆ ಮೊಣಕಾಲು ಮಡಚಿ ಹೋಗುವ ಚಿತ್ರಗಳನ್ನು ತೋರಿಸಿ ಅಜ್ಜಿ ನಕ್ಕರು.

ನಾನು ಮೇಷ್ಟ್ರ ಬುದ್ಧಿ ಬಿಡದೆ ಕೇಳಿದೆ: ‘ಈ ಸಲ ಏಳರಲ್ಲಿ ಐದು ಸೋತಿದ್ದೀರಲ್ಲ?’

ಅಜ್ಜಿಗೆ ಸಿಟ್ಟು ಬರಲಿಲ್ಲ. ಹೌದು, ಮನೆಯಲ್ಲಿ ತಮ್ಮ ಯಜಮಾನರು ದಿನಾ ಬಯ್ಯುತ್ತಿದ್ದಾರೆ ಎಂದರು. ಊರಿನಲ್ಲಿ ಅರ್ಧ ಜನ ಈ ಹುಡುಗನನ್ನು ಬದಲಾಯಿಸಿ ಎನ್ನುತ್ತಿದ್ದಾರಂತೆ. ಆಮೇಲೆ ಹೇಳಿದರು, ರಾಜರ್ಸ್ ಕೂಡ 2008ರಲ್ಲಿ ಮೊದಲ ಸಲ ತಂಡ ನಡೆಸಿದಾಗ ಹದಿನಾರರಲ್ಲಿ ಹತ್ತು ಸೋತಿದ್ದ. ಎರಡು ವರ್ಷದ ಮೇಲೆ ಚಾಂಪಿಯನ್ ಪಟ್ಟ ತಂದ. ‘ನಮ್ಮ ಹುಡುಗರು ತಾನೇ, ಕಲಿಯುತ್ತಿದ್ದಾರೆ. ನಾಳೆ ಬರುತ್ತೇವೆ’ ಎಂದು ಮುಂದಿನ ಗುಂಪಿನ ಕಡೆ ನಡೆದರು.

ಒಂದು ಪೇಪರ್

ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಕೆಳಗೆ ಹಸಿರು ಹುಲ್ಲು. ಸುತ್ತ ಎಂಬತ್ತು ಸಾವಿರ ಖಾಲಿ ಜಾಗ. ಚಳಿಗಾಳಿ.

‘ಅಪ್ಪಾ, ಒಂದು ವಿಷಯ ಹೇಳಬೇಕಿತ್ತು’ ಎಂದಳು ಮಗಳು. ‘ಹೋದ ಸೆಮಿಸ್ಟರ್‌ನಲ್ಲಿ ನಂದು ಒಂದು ಪೇಪರ್ ಹೋಯ್ತು. ಸ್ಟ್ಯಾಟಿಸ್ಟಿಕ್ಸ್. ಈಗ ಮತ್ತೆ ತಗೊಂಡಿದೀನಿ.’

ನಾನು ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ, ‘ಅಮ್ಮನಿಗೆ ಗೊತ್ತಾ?’ ಎಂದೆ. ಅವಳು ಉತ್ತರ ಕೊಡಲಿಲ್ಲ. ನನ್ನಾಕೆ ಎದುರಿನ ದೊಡ್ಡ ಸ್ಕೋರ್ ಬೋರ್ಡನ್ನೇ ನೋಡುತ್ತಿದ್ದಳು. ಅದರಲ್ಲಿ ಏನೂ ಬರೆದಿರಲಿಲ್ಲ.

ಆರು ತಿಂಗಳು! ವಾರಕ್ಕೆ ಎರಡು ಸಲ ಫೋನಿನಲ್ಲಿ ಮಾತು. ಊಟ, ಚಳಿ, ಬಾಡಿಗೆ ಎಲ್ಲ ಹೇಳುವಳು. ಇದೊಂದನ್ನು ಅಮ್ಮನಿಗೆ ಹೇಳಿ ನನಗೆ ಮಾತ್ರ ಹೇಳಲಿಲ್ಲ. ಮೊದಲು ಬಂದದ್ದು ಸಿಟ್ಟು. ಸಾಲದ ಕಂತು ಕಣ್ಣಮುಂದೆ ಬಂತು. ಅದರ ಹಿಂದೆಯೇ ಬೇರೊಂದು ನೆನಪು. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಲೆಕ್ಕದಲ್ಲಿ 98 ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ ‘ಇನ್ನೆರಡು ಎಲ್ಲಿ ಹೋಯ್ತು?’ ತಮಾಷೆಗೆ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ತರಗತಿಯಲ್ಲಿ ಉತ್ತರ ಪತ್ರಿಕೆ ಕೊಡುವಾಗ ಕಡಿಮೆ ಅಂಕದವರ ಹೆಸರು ಮೊದಲು ಓದುತ್ತಿದ್ದವನು ನಾನು. ನಾಚಿಕೆಯಾದರೆ ಓದುತ್ತಾರೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ನಾಚಿಕೆಯಾದವರು ಓದುವುದಕ್ಕಿಂತ ಮೊದಲು ಬಚ್ಚಿಡಲು ಕಲಿಯುತ್ತಾರೆ ಎಂದು ಆ ಬೆಂಚಿನ ಮೇಲೆ ನನಗೆ ಗೊತ್ತಾಯಿತು.

ಏನೋ ದೊಡ್ಡ ಮಾತು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಇಷ್ಟೇ: ‘ಚಳಿ ಆಗ್ತಿದೆ, ನಡಿ, ಕಾಫಿ ಕುಡಿಯೋಣ.’

ಕಾಫಿಯ ಜೊತೆ ಆ ಊರಿನ ವಿಶೇಷವೆಂದು ಚೀಸಿನ ಗಟ್ಟಿಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದನ್ನು ತಂದುಕೊಟ್ಟಳು. ‘ಬೋಂಡದ ತಮ್ಮ ಇದು’ ಎಂದು ನನ್ನಾಕೆ ತೀರ್ಪು ಕೊಟ್ಟಳು. ಮೂವರೂ ನಕ್ಕೆವು. ವಾಪಸು ಬರುವಾಗ ಕಾರಿನಲ್ಲಿ, ‘ಯಾವ ಚಾಪ್ಟರು ಕಷ್ಟ?’ ಎಂದು ಕೇಳಿದೆ. ದಾರಿಯುದ್ದಕ್ಕೂ ಹೇಳಿದಳು.

ಮರುದಿನ ಅವಳ ಕೋಣೆಯಲ್ಲಿ ಟಿ.ವಿ. ಮುಂದೆ ಕೂತು ಪಂದ್ಯ ನೋಡಿದೆವು. ಲಾಸ್ ಏಂಜಲೀಸಿನ ತಂಡದ ಎದುರು ಪ್ಯಾಕರ್ಸ್ 20-3ರಿಂದ ಗೆದ್ದಿತು. ಆ ರಾತ್ರಿಯಿಂದ ನಾವಿದ್ದಷ್ಟು ದಿನ ಊಟವಾದ ಮೇಲೆ ಸ್ಟ್ಯಾಟಿಸ್ಟಿಕ್ಸ್. ಅವಳ ಪುಸ್ತಕ ನನ್ನ ಹೈಸ್ಕೂಲ್ ಲೆಕ್ಕಕ್ಕೆ ನಿಲುಕುವಂಥದ್ದಲ್ಲ. ‘ನನಗೆ ಅರ್ಥ ಆಗೋ ಹಾಗೆ ಹೇಳು’ ಎಂದು ನಾನು ವಿದ್ಯಾರ್ಥಿಯಾದೆ. ಎಷ್ಟೋ ಸಲ ನನಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ಒಮ್ಮೆಯೂ ಬೇಸರಿಸಲಿಲ್ಲ. ನಾನಾಗಿದ್ದರೆ ಬೇಸರಿಸುತ್ತಿದ್ದೆ.

ಸೋಮವಾರದ ಬೆಳಗು

ಊರಿಗೆ ಬಂದ ಮೇಲೆ ಸೋಮವಾರ ಬೆಳಿಗ್ಗೆ ಪೇಪರಿಗಿಂತ ಮೊದಲು ಮಗಳ ಸಂದೇಶ ನೋಡುವುದು ಅಭ್ಯಾಸವಾಯಿತು. ಆ ಋತು ನೇರ ಏಣಿ ಹತ್ತಲಿಲ್ಲ. ಪಿಟ್ಸ್‌ಬರ್ಗಿನಲ್ಲಿ ಸೋತರು. ಆಮೇಲೆ ಸಾಲಾಗಿ ಮೂರು ಗೆದ್ದರು. ಡಿಸೆಂಬರ್ 3ರಂದು ಹಿಂದಿನ ಸಾಲಿನ ಚಾಂಪಿಯನ್ ಕಾನ್ಸಾಸ್ ಸಿಟಿ ತಂಡವನ್ನೇ 27-19ರಿಂದ ಮಣಿಸಿದರು. ಇನ್ನೇನು ಗೆದ್ದೇಬಿಟ್ಟರು ಎನ್ನುವಾಗ ಮತ್ತೆ ಎರಡು ಸೋಲು. ಕೊನೆಯ ಮೂರೂ ಪಂದ್ಯ ಗೆಲ್ಲಲೇಬೇಕಾದ ಸ್ಥಿತಿ. ಗೆದ್ದರು. ಹದಿನೇಳರಲ್ಲಿ ಒಂಬತ್ತು ಗೆಲುವು, ಎಂಟು ಸೋಲು. ಶೇಕಡ 53. ನಮ್ಮ ಲೆಕ್ಕದಲ್ಲಿ ಸೆಕೆಂಡ್ ಕ್ಲಾಸ್. ತಮ್ಮ ಗುಂಪಿನ ಏಳನೆಯ, ಅಂದರೆ ಕಟ್ಟಕಡೆಯ ಸ್ಥಾನದಲ್ಲಿ ಮುಂದಿನ ಸುತ್ತಿಗೆ ತೂರಿಕೊಂಡರು.

2024ರ ಸಂಕ್ರಾಂತಿಯ ಬೆಳಿಗ್ಗೆ ಎಳ್ಳು ಬೀರುವ ಗಡಿಬಿಡಿಯ ನಡುವೆ ಮಗಳ ಫೋನು. ಡಲ್ಲಾಸಿನಲ್ಲಿ 48-32ರ ಗೆಲುವು! ಏಳನೆಯ ಸ್ಥಾನದಲ್ಲಿ ಬಂದ ತಂಡ ಈ ಸುತ್ತಿನಲ್ಲಿ ಗೆದ್ದದ್ದು ಅದೇ ಮೊದಲು. ಮುಂದಿನ ವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಘಟ್ಟದವರೆಗೂ ಮುಂದಿದ್ದು, ಕಡೆಯ ನಿಮಿಷದಲ್ಲಿ ಜೋರ್ಡನ್ ಲವ್ ಎಸೆದ ಚೆಂಡು ಎದುರಾಳಿಯ ಕೈ ಸೇರಿತು. 24-21ರ ಸೋಲು. ಋತು ಮುಗಿಯಿತು. ನವೆಂಬರಿನಲ್ಲಿ ಬದಲಾಯಿಸಿ ಎಂದು ಜನ ಕೂಗಿದ ಆ ಹುಡುಗನೊಂದಿಗೆ ತಂಡ ಅದೇ ವರ್ಷ ಹೊಸ, ದೊಡ್ಡ ಒಪ್ಪಂದಕ್ಕೆ ಸಹಿ ಮಾಡಿತು.

ಒಂದು ವಿಷಯ ಹೇಳುವುದು ಬಿಟ್ಟೆ. ಡಿಸೆಂಬರ್ ಕೊನೆಯ ವಾರ ಮಗಳ ಫಲಿತಾಂಶ ಬಂತು. ಈ ಸಲ ಅವಳು ಮೊದಲು ಫೋನು ಮಾಡಿದ್ದು ನನಗೆ. ‘ಅಪ್ಪಾ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬಿ ಬಂತು’ ಎಂದಳು. ಆಮೇಲೆ ಎರಡು ಕ್ಷಣ ಸುಮ್ಮನಿದ್ದಳು. ಅವಳು ಯಾವ ಪ್ರಶ್ನೆಗೆ ಕಾಯುತ್ತಿದ್ದಳೆಂದು ನನಗೆ ಗೊತ್ತಿತ್ತು.

‘ಪಾಸಾಯ್ತಲ್ಲ, ಸಂತೋಷ ಕಣಮ್ಮ’ ಎಂದೆ. ‘ಊಟ ಆಯ್ತಾ?’